ಅಂಡಾಶಯ ಉತ್ತೇಜನ: ಪದದ ಅರ್ಥ ಮತ್ತು ಅದಕ್ಕೆ ಅಂಟಿಕೊಂಡ ಸ್ತನ ಕ್ಯಾನ್ಸರ್ ಭಯ

ಸಹಜ ಋತುಚಕ್ರದಲ್ಲಿ ಅಂಡಾಶಯದೊಳಗೆ ಹಲವು ಕೋಶಿಕೆಗಳು (ಅಂಡಾಣುವನ್ನು ಒಳಗಿಟ್ಟುಕೊಂಡ ಪುಟ್ಟ ಚೀಲಗಳು) ಬೆಳೆಯತೊಡಗಿದರೂ ಸಾಮಾನ್ಯವಾಗಿ ಒಂದು ಮಾತ್ರ ಪಕ್ವವಾಗಿ ಅಂಡಾಣುವನ್ನು ಹೊರಬಿಡುತ್ತದೆ. ಉಳಿದವು ಅಲ್ಲಿಯೇ ಮುರುಟಿಹೋಗುತ್ತವೆ. ಹೀಗೆ ಮುರುಟಬೇಕಿದ್ದವುಗಳನ್ನೂ ಔಷಧದ ಬಲದಿಂದ ಬೆಳೆಸಿ, ಒಂದೇ ಚಕ್ರದಲ್ಲಿ ಹಲವು ಅಂಡಾಣುಗಳನ್ನು ಪಡೆಯುವ ಕ್ರಮವೇ ‘ಅಂಡಾಶಯ ಉತ್ತೇಜನ’. ಐವಿಎಫ್ (ಅಂಡಾಣುವನ್ನು ದೇಹದ ಹೊರಗೆ ಫಲಗೊಳಿಸುವ ಚಿಕಿತ್ಸೆ) ಮತ್ತು ಇದು ಒಂದೇ ಎಂದು ಭಾವಿಸುವವರಿದ್ದಾರೆ, ಆದರೆ ಹಾಗಲ್ಲ: 1978ರಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಜನಿಸಿದ್ದು ಉತ್ತೇಜನವಿಲ್ಲದೆ, ಸಹಜ ಚಕ್ರದಲ್ಲಿ ದೊರೆತ ಅಂಡಾಣುವಿನಿಂದ.

ಇಂದಿನ ರೂಢಿಯಲ್ಲಿ ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನದಿಂದ ಸುಮಾರು ಹತ್ತು ದಿನ ಹೊಟ್ಟೆಯ ಚರ್ಮದಡಿಗೆ ಗೊನಡೋಟ್ರೋಪಿನ್ (ಕೋಶಿಕೆಗಳನ್ನು ಬೆಳೆಸುವ ಹಾರ್ಮೋನು) ಚುಚ್ಚುಮದ್ದು ಕೊಡುತ್ತಾರೆ. ನಡುನಡುವೆ ಸ್ಕ್ಯಾನ್ ಮಾಡಿ ಕೋಶಿಕೆಗಳನ್ನು ಅಳೆಯುತ್ತಾರೆ. ದೊಡ್ಡವು ಹದಿನೆಂಟು ಮಿಲಿಮೀಟರಿನ ಆಸುಪಾಸಿಗೆ ಬಂದಾಗ ಅಂಡಾಣು ಪಕ್ವವಾಗಲು ಕೊನೆಯ ಚುಚ್ಚುಮದ್ದು. ಪ್ರತಿಯೊಂದು ಕೋಶಿಕೆಯೂ ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನನ್ನು ಸ್ರವಿಸುವುದರಿಂದ ರಕ್ತದಲ್ಲಿ ಅದರ ಮಟ್ಟ ಸಹಜ ಚಕ್ರದ ಗರಿಷ್ಠ ಮಟ್ಟಕ್ಕಿಂತ ಹಲವು ಪಟ್ಟು ಏರುತ್ತದೆ. ಸ್ತನದ ಕೋಶಗಳ ವಿಭಜನೆಗೆ ಈಸ್ಟ್ರೋಜನ್ ಇಂಬು ಕೊಡುತ್ತದೆ, ಸ್ತನ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಅದನ್ನು ಗ್ರಹಿಸುವ ಬಗೆಯವು. ಹಾಗಾಗಿ ಈ ಚಿಕಿತ್ಸೆ ಕ್ಯಾನ್ಸರ್ ತರಬಹುದೇ ಎಂಬ ಅನುಮಾನವನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ.

ಆದರೆ ಈ ಏರಿಕೆ ಕೆಲವು ದಿನಗಳದ್ದು. ಅದಕ್ಕಿಂತ ಮುಖ್ಯವಾದುದು, ಚಿಕಿತ್ಸೆ ಪಡೆದವರನ್ನು ಯಾರೊಂದಿಗೆ ಹೋಲಿಸುತ್ತೇವೆ ಎಂಬ ಪ್ರಶ್ನೆ. ಮಕ್ಕಳಾಗದಿರುವುದು ಮತ್ತು ಮೊದಲ ಹೆರಿಗೆ ತಡವಾಗುವುದು, ಇವೆರಡೂ ಔಷಧದ ಹಂಗಿಲ್ಲದೆಯೇ ಸ್ತನ ಕ್ಯಾನ್ಸರ್ ಅಪಾಯವನ್ನು ತುಸು ಹೆಚ್ಚಿಸುತ್ತವೆ. ಚಿಕಿತ್ಸೆಗೆ ಬರುವವರಲ್ಲಿ ಅನೇಕರು ಇಂಥವರೇ. ಅವರನ್ನು ಇಪ್ಪತ್ತರ ಹರೆಯದಲ್ಲೇ ತಾಯಂದಿರಾದವರ ಪಕ್ಕದಲ್ಲಿಟ್ಟು ನೋಡಿದರೆ ಹಿನ್ನೆಲೆಯ ಅಪಾಯ ಚುಚ್ಚುಮದ್ದಿನ ತಲೆಗೆ ಬೀಳುತ್ತದೆ. ನೆದರ್ಲೆಂಡ್ಸ್‌ನಲ್ಲಿ ಸುಮಾರು 25,000 ಮಹಿಳೆಯರನ್ನು ಎರಡು ದಶಕಗಳಷ್ಟು ಕಾಲ ಹಿಂಬಾಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನ ಈ ತಪ್ಪಿಗೆ ಎಡೆಗೊಡದೆ, ಐವಿಎಫ್ ಪಡೆದವರನ್ನು ಸಂತಾನಕ್ಕಾಗಿ ಬೇರೆ ಚಿಕಿತ್ಸೆ ಪಡೆದವರೊಂದಿಗೂ ಹೋಲಿಸಿತು. 55ನೆಯ ವಯಸ್ಸಿನ ಹೊತ್ತಿಗೆ ಸ್ತನ ಕ್ಯಾನ್ಸರ್ ಕಾಣಿಸಿಕೊಂಡದ್ದು ಮೊದಲ ಗುಂಪಿನಲ್ಲಿ ಶೇ 3.0, ಎರಡನೆಯದರಲ್ಲಿ ಶೇ 2.9. ಬ್ರಿಟನ್ನಿನ ಎರಡೂವರೆ ಲಕ್ಷ ಮಹಿಳೆಯರ ದಾಖಲೆಗಳನ್ನು ಆಧರಿಸಿದ 2018ರ ಅಧ್ಯಯನದಲ್ಲೂ ಒಟ್ಟಾರೆ ಹೆಚ್ಚಳ ಕಾಣಲಿಲ್ಲ. ಸುತ್ತಲಿನ ಅಂಗಾಂಶಕ್ಕೆ ಇನ್ನೂ ನುಗ್ಗದ ಆರಂಭಿಕ ಬಗೆ ಮಾತ್ರ ತುಸು ಹೆಚ್ಚಿತ್ತು. ಈ ಕೊನೆಯ ಮಾತನ್ನು ನುಂಗಿಕೊಂಡು ‘ಏನೂ ಇಲ್ಲ’ ಎಂದು ಹೇಳುವುದು ನ್ಯಾಯವಲ್ಲ.

ಉತ್ತೇಜನಕ್ಕೆ ಬಳಸುವ ಔಷಧಗಳೆಲ್ಲ ಒಂದೇ ಜಾತಿಯವೂ ಅಲ್ಲ. ಬಹುಕಾಲದಿಂದ ಬಳಕೆಯಲ್ಲಿರುವ ಕ್ಲೋಮಿಫೀನ್ ಮಾತ್ರೆಯು ಸ್ತನ ಕ್ಯಾನ್ಸರ್ ಔಷಧವಾದ ಟ್ಯಾಮಾಕ್ಸಿಫೆನ್‌ನ ರಾಸಾಯನಿಕ ಬಂಧು. ದೇಹದಲ್ಲಿ ಈಸ್ಟ್ರೋಜನ್ ತಯಾರಾಗುವುದನ್ನು ತಗ್ಗಿಸುವ ಲೆಟ್ರೊಝೋಲ್ ಅಂತೂ ಸ್ತನ ಕ್ಯಾನ್ಸರ್‌ಗೆಂದೇ ಬಂದದ್ದು. ಕಿಮೊಥೆರಪಿಗೆ ಮುನ್ನ ಅಂಡಾಣುಗಳನ್ನು ತೆಗೆದಿರಿಸಬಯಸುವ ಸ್ತನ ಕ್ಯಾನ್ಸರ್ ರೋಗಿಗೆ, ಈಸ್ಟ್ರೋಜನ್ ಮಟ್ಟ ಏರದಂತೆ ಹಿಡಿದಿಡಲು, ಉತ್ತೇಜನದ ಚುಚ್ಚುಮದ್ದಿನ ಜೊತೆಯಲ್ಲೇ ಲೆಟ್ರೊಝೋಲ್ ಕೊಡುತ್ತಾರೆ.