ನೋವು ಹೋಯಿತು, ಬಲ ಬಂತೇ?

ಅಂಕೋಲಾ ಕಡೆಯ ಹುಡುಗ, ಕಬಡ್ಡಿಯಲ್ಲಿ ರೈಡರ್. ಬಲಗಾಲಿನ ಮೀನಖಂಡ ಹಿಡಿದುಕೊಂಡು ಮೂರು ವಾರವಾಗಿತ್ತು. ಕುಮಟಾದ ನನ್ನ ಕ್ಲಿನಿಕ್ಕಿಗೆ ಬಂದವನೇ, "ನೋವು ಪೂರಾ ಹೋಗ್ಯದೆ ಡಾಕ್ಟ್ರೇ. ಶನಿವಾರ ಆಡೂಕೆ ಅಡ್ಡಿಲ್ಲ ಅಲ್ದಾ?" ಎಂದ.

ಗೋಡೆಗೆ ಬೆರಳ ತುದಿ ತಾಗಿಸಿ ಒಂಟಿ ಕಾಲಲ್ಲಿ ನಿಲ್ಲಲು ಹೇಳಿದೆ. ಹಿಮ್ಮಡಿ ಎತ್ತಬೇಕು, ಇಳಿಸಬೇಕು, ಅಷ್ಟೆ. ಎಡಗಾಲಲ್ಲಿ 26 ಸಲ ಎತ್ತಿದ. ಬಲಗಾಲಲ್ಲಿ ಹತ್ತರ ತನಕ ಚೆನ್ನಾಗಿತ್ತು. ಹನ್ನೊಂದಕ್ಕೆ ಹಿಮ್ಮಡಿ ಮೊದಲಿನಷ್ಟು ಮೇಲೇರಲಿಲ್ಲ. ಹದಿಮೂರಕ್ಕೆ ಮಂಡಿ ಮಡಚಿ, ಮೈಯನ್ನು ಗೋಡೆಗೆ ವಾಲಿಸಿ ಕಳ್ಳಲೆಕ್ಕ ಶುರು ಮಾಡಿದ. ಹದಿನಾಲ್ಕಕ್ಕೆ ಕಾಲು ನಡುಗಿತು. ನೋವು ಮಾತ್ರ ಒಂದು ಚೂರೂ ಇಲ್ಲವಂತೆ. ನನ್ನ ಕೆಲಸದಲ್ಲಿ ದಿನಕ್ಕೆರಡು ಸಲ ಎದುರಾಗುವ ತೊಡಕು ಇದೇ: ನೋವು ಬೇಗ ಹೋಗುತ್ತದೆ, ಬಲ ನಿಧಾನಕ್ಕೆ ಬರುತ್ತದೆ. ನಡುವಿನ ಆ ಎರಡು ಮೂರು ವಾರದಲ್ಲೇ ಹುಡುಗರು ಅಂಕಣಕ್ಕೆ ಇಳಿಯುವುದು.

ಇಂಥವರಿಗೆ ನಾನು ಹೇಳುವುದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2019ರ ಕಥೆ. ಬ್ಯಾಸ್ಕೆಟ್‌ಬಾಲ್ ನಮ್ಮ ಕಡೆ ಹೈಸ್ಕೂಲು ಮೈದಾನದ ತುಕ್ಕು ಹಿಡಿದ ರಿಂಗಿನಲ್ಲೇ ಮುಗಿಯುತ್ತದೆ, ಆದರೆ ಮೀನಖಂಡ ಎಲ್ಲರಿಗೂ ಒಂದೇ. ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನ ಕೆವಿನ್ ಡುರಾಂಟ್‌ಗೆ ಮೇ 8ರಂದು ಪ್ಲೇಆಫ್ (ಲೀಗ್ ಹಂತ ಮುಗಿದ ಮೇಲಿನ ನಾಕೌಟ್ ಸರಣಿ) ಪಂದ್ಯದಲ್ಲಿ ಬಲ ಮೀನಖಂಡ ಹಿಡಿಯಿತು. ತಿಂಗಳ ಮೇಲೆ ಹೊರಗೆ ಕೂತ. ಅಷ್ಟರಲ್ಲಿ, ನಾಲ್ಕು ಪಂದ್ಯ ಮೊದಲು ಗೆದ್ದವರಿಗೆ ಕಪ್ಪು ಸಿಗುವ ಫೈನಲ್ಸ್‌ನಲ್ಲಿ ತಂಡ ಟೊರಾಂಟೊ ರಾಪ್ಟರ್ಸ್ ಎದುರು 3–1ರಿಂದ ಹಿಂದೆ ಬಿದ್ದಿತ್ತು. ಜೂನ್ 10ರಂದು ಐದನೇ ಪಂದ್ಯಕ್ಕೆ ಇಳಿದ, ಸುಮಾರು 12 ನಿಮಿಷದಲ್ಲಿ 11 ಅಂಕ ಗಳಿಸಿದ. ಆಮೇಲೆ ಅದೇ ಬಲಗಾಲಿನ ಅಕಿಲಿಸ್ ತುಂಡಾಯಿತು. ಮೀನಖಂಡದ ಸ್ನಾಯುಗಳು ಕೆಳಗೆ ಹಗ್ಗದಂತೆ ಕೂಡಿ ಹಿಮ್ಮಡಿಗೆ ಅಂಟುವ ಜಾಗವೇ ಅಕಿಲಿಸ್. ಮೊದಲ ಪೆಟ್ಟಿನಿಂದಲೇ ಎರಡನೆಯದು ಆಯಿತೆಂದು ದೂರದಲ್ಲಿ ಕೂತು ತೀರ್ಪು ಕೊಡಲಾರೆ. ಆದರೆ ಆ ದೃಶ್ಯ ನೋಡಿದ ಮೇಲೆ ಮೀನಖಂಡದ ವಿಷಯದಲ್ಲಿ ನನ್ನ ಧೈರ್ಯ ಕಡಿಮೆಯಾಗಿದೆ, ನಿಜ. ಆರನೇ ಪಂದ್ಯದಲ್ಲಿ ಅದೇ ತಂಡದ ಕ್ಲೇ ಥಾಂಪ್ಸನ್ ಮಂಡಿಯೊಳಗಿನ ಎಸಿಎಲ್ ಎಂಬ ಕಟ್ಟನ್ನು ಹರಿದುಕೊಂಡ. ನಡುವೆ ಅವನಿಗೂ ಅಕಿಲಿಸ್ ಹೋಗಿ, ಮತ್ತೆ ಆಡಲು 941 ದಿನ ಬೇಕಾಯಿತು.

ಟೊರಾಂಟೊದವರ ಲೆಕ್ಕ ಬೇರೆಯಿತ್ತು. ಅವರ ಮುಖ್ಯ ಆಟಗಾರ ಕವಾಯ್ ಲೆನಾರ್ಡ್ ಬೇರೆ ತಂಡದಲ್ಲಿದ್ದಾಗ ತೊಡೆಸ್ನಾಯುವಿನ ತೊಂದರೆಯಿಂದ ಹಿಂದಿನ ಸೀಸನ್‌ನಲ್ಲಿ ಆಡಿದ್ದೇ 9 ಪಂದ್ಯ. ಅವನನ್ನು ತಂದುಕೊಂಡ ಮೇಲೆ ಲೀಗ್ ಹಂತದ 82ರಲ್ಲಿ 60 ಪಂದ್ಯ ಮಾತ್ರ ಆಡಿಸಿದರು. ಟಿಕೆಟ್ ಕೊಂಡವರು ಬೈದಿರಲೂಬಹುದು. ಆದರೆ ಪ್ಲೇಆಫ್‌ನ 24 ಪಂದ್ಯದಲ್ಲಿ ಒಂದನ್ನೂ ಅವನು ಬಿಡಲಿಲ್ಲ. ಫೈನಲ್ಸ್‌ಗೆ ಮುಂಚಿನ ಸರಣಿಯಲ್ಲಿ ಮಿಲ್ವಾಕಿ ತಂಡದ ಎದುರು ಮೊದಲೆರಡು ಸೋತಿದ್ದರು. ಮೂರನೆಯದರಲ್ಲಿ ಎರಡು ಸಲ ಹೆಚ್ಚುವರಿ ಸಮಯ ಹಿಡಿದು ಇವನೊಬ್ಬನೇ 52 ನಿಮಿಷ ಆಡಿದ. ಅಲ್ಲಿಂದ ನಾಲ್ಕೂ ಗೆದ್ದು ಫೈನಲ್ಸ್‌ಗೆ ಹೋದರು, ಕಪ್ಪನ್ನೂ ಎತ್ತಿದರು.

ಈ ಬುದ್ಧಿ ಎನ್‌ಬಿಎಯಿಂದಲೇ ಬರಬೇಕೆಂದಿಲ್ಲ. ಹೊನ್ನಾವರ ಕಡೆಯ ಯಕ್ಷಗಾನ ಕಲಾವಿದರೊಬ್ಬರು ಪ್ರತಿ ಮಳೆಗಾಲಕ್ಕೂ ನನ್ನಲ್ಲಿಗೆ ಬರುತ್ತಾರೆ. ಮೇಳದ ತಿರುಗಾಟ ಮುಗಿಯುವ ಹೊತ್ತಿಗೆ ಎರಡೂ ಮಂಡಿ ಊದಿರುತ್ತವೆ. ಬಡಗಿನ ಮಂಡಿಕುಣಿತವೆಂದರೆ ಮಂಡಿ ಊರಿ ಗಿರಕಿ ಹೊಡೆಯುವುದು. ಆದರೂ ಇಷ್ಟು ವರ್ಷ ಹೇಗೆ ನಡೆಸಿದಿರಿ ಎಂದು ಕೇಳಿದೆ. "ಕಾಲು ಸರಿ ಇಲ್ದಿದ್ದ ದಿನ ಚೌಕಿಯಲ್ಲೇ ಭಾಗವತರಿಗೆ ಹೇಳಿಡ್ತೆ, ಇವತ್ತು ಮಂಡಿ ಬೇಡ ಅಂತ. ಅವ್ರು ಪದ್ಯ ಬೇಗ ಎತ್ತಿ ಮುಗಿಸ್ತ್ರು" ಎಂದರು. ನನಗೆ ನಗು ಬಂತು. ಲೋಡ್ ಮ್ಯಾನೇಜ್‌ಮೆಂಟ್ ಎಂದು ನಾವು ಕಾಲೇಜಿನಲ್ಲಿ ಓದಿದ್ದು ಇದನ್ನೇ.

ಹುಡುಗನಿಗೆ ಎಲ್ಲ ಹೇಳಿ, ಶನಿವಾರ ಬೇಡ, ಬಲಗಾಲು 23 ದಾಟಲಿ, ಆಮೇಲೆ ಒಂಟಿ ಕಾಲಿನ ಜಿಗಿತ ನೋಡುವಾ ಎಂದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಆ ಲೆನಾರ್ಡ್ ಆಡ್ದೇ ಇದ್ದಾಗ ಟೀಮ್ ಏನಾಯ್ತು?" 22ರಲ್ಲಿ 17 ಗೆದ್ದಿತ್ತು ಎಂದೆ. ಲೌರಿ, ಸಿಯಾಕಮ್, ವ್ಯಾನ್‌ವ್ಲೀಟ್‌ರಂಥ ಒಳ್ಳೆಯ ಆಟಗಾರರಿದ್ದ ತಂಡ ಅದು. "ನಮ್ಮಲ್ಲಿ ಏಳು ಜನ, ಮೇಲೆ ಒಬ್ಬ. ಆ ಒಬ್ಬನೂ ನನ್ನ ಚಿಕ್ಕಪ್ಪ" ಎಂದ. ನಾನು ಬಾಯಿ ಮುಚ್ಚಿದೆ. ವಿಶ್ರಾಂತಿ ಕೊಡಬೇಕಾದರೆ ಬದಲಿಗೆ ಆಡುವವನಿರಬೇಕು. ನಮ್ಮೂರ ತಂಡಗಳಿಗೆ ಈ ಸಲಹೆ ದುಬಾರಿ ಎಂದು ಗೊತ್ತಿದ್ದೇ ಕೊಡುತ್ತೇನೆ.

ಶನಿವಾರ ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ಹಿಂದೆ ಹೊನಲು ಬೆಳಕಿನ ಪಂದ್ಯಾವಳಿಯ ಮೈಕು ಅರಚುತ್ತಿತ್ತು. "ಸೆಮಿಫೈನಲ್‌ನಲ್ಲಿ ಎರಡು ಪಾಯಿಂಟಿಗೆ ಸೋತ್ರು ಡಾಕ್ಟ್ರೇ" ಎಂದ. ನಾನು ಏನೂ ಹೇಳುವ ಮೊದಲೇ, "ಇವತ್ತು ಬಲಗಾಲು ಹದಿನೇಳು ಬಂತು" ಎಂದ.

"ಮಂಡಿ ಮಡಚದೇನಾ ತಮಾ?"

"ಹದಿನೈದು" ಎಂದ.