ತುರ್ತು ನೆರವು: ಮೊದಲು ಬೇಕಾದದ್ದು ಒಪ್ಪಿಗೆ

ಎಲ್ಲೋ ಭೂಕಂಪ ಆಗುತ್ತದೆ. ಮರುದಿನದ ಪೇಪರಿನಲ್ಲಿ ‘ಅಂತರರಾಷ್ಟ್ರೀಯ ತುರ್ತು ನೆರವು’ ಎಂಬ ಮಾತು ಬರುತ್ತದೆ. ಪಕ್ಕದಲ್ಲಿ ವಿಮಾನದಿಂದ ಪೆಟ್ಟಿಗೆ ಇಳಿಸುವ ಫೋಟೊ. ಅಷ್ಟೇ ಅಲ್ವಾ ಅನಿಸುತ್ತದೆ. ಆದರೆ ಆ ಪೆಟ್ಟಿಗೆ ಗಡಿ ದಾಟಿ ಬರಬೇಕಾದರೆ ಜಾಸ್ತಿ ಜನರಿಗೆ ಗೊತ್ತಿಲ್ಲದ ಒಂದು ಹೆಜ್ಜೆ ಇದೆ.

ಮೊದಲು ಪದ ನೋಡೋಣ. ಇದಕ್ಕೆ ‘ಪರಿಹಾರ’ ಎಂದೂ ಬರೆಯುತ್ತಾರೆ. ನನಗೆ ಅದು ಸರಿ ಅನಿಸುವುದಿಲ್ಲ. ಬೆಳೆ ಹಾಳಾದರೆ ಸರ್ಕಾರ ಕೊಡುವ ದುಡ್ಡನ್ನೂ ನಾವು ಪರಿಹಾರ ಅನ್ನುತ್ತೇವೆ. ಅದು ಕಳೆದುಕೊಂಡದ್ದಕ್ಕೆ ಕೊಡುವ ಹಣ. ತುರ್ತು ನೆರವು ಇನ್ನೂ ಉಸಿರಾಡುತ್ತಿರುವವರನ್ನು ಉಳಿಸಲು ಬರುವಂಥದ್ದು. ಕಟ್ಟಡದಡಿ ಸಿಕ್ಕಿದವರನ್ನು ಹೊರಗೆ ತೆಗೆಯುವುದು, ಕುಡಿಯುವ ನೀರು, ಡೇರೆ, ಕಂಬಳಿ, ಡಾಕ್ಟರು, ಊಟ. ಮನೆ, ಸೇತುವೆ ಮತ್ತೆ ಕಟ್ಟುವುದು ಆಮೇಲಿನ ಮಾತು. ಅದಕ್ಕೆ ಬರುವ ಹಣದಲ್ಲಿ ಎಷ್ಟೋ ಸಲ ಸಾಲವೂ ಸೇರಿರುತ್ತದೆ.

ಇನ್ನು ಆ ಹೆಜ್ಜೆ. 1991ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ 46/182 ಎಂಬ ನಿರ್ಣಯ ಮಾಡಿತು. ಇವತ್ತಿನ ತುರ್ತು ನೆರವಿನ ವ್ಯವಸ್ಥೆಗೆ ಅದೇ ಅಡಿಪಾಯ. ಅದರ ಪ್ರಕಾರ, ಹೊರಗಿನ ನೆರವು ಬರಬೇಕಾದರೆ ಪೆಟ್ಟು ತಿಂದ ದೇಶದ ಒಪ್ಪಿಗೆ ಇರಬೇಕು. ಸಾಮಾನ್ಯವಾಗಿ ಆ ದೇಶವೇ ಕೇಳಬೇಕು. ಕರುಣೆ ಉಕ್ಕಿತು ಅಂತ ಇನ್ನೊಬ್ಬರ ನೆಲಕ್ಕೆ ವಿಮಾನ ಇಳಿಸುವ ಹಾಗಿಲ್ಲ.

ಈ ಒಪ್ಪಿಗೆಯ ತೂಕ ಎಷ್ಟು ಅನ್ನುವುದು 2023ರ ಫೆಬ್ರವರಿ 6ರಂದು ಕಾಣಿಸಿತು. ನಸುಕಿನ 4 ಗಂಟೆ 17 ನಿಮಿಷ, ಮೈ ಕೊರೆಯುವ ಚಳಿ. 7.8 ತೀವ್ರತೆಯ ಭೂಕಂಪ ಟರ್ಕಿ ಮತ್ತು ಸಿರಿಯಾ ಎರಡನ್ನೂ ಒಟ್ಟಿಗೆ ಅಲ್ಲಾಡಿಸಿತು. ಸತ್ತವರು 50,000ಕ್ಕೂ ಹೆಚ್ಚು. ಟರ್ಕಿ ತಕ್ಷಣ ನಾಲ್ಕನೇ ಹಂತದ ಎಚ್ಚರಿಕೆ ಸಾರಿತು. ‘ಹೊರಗಿನವರು ಬನ್ನಿ’ ಎಂದು ಕರೆಯುವುದೂ ಆ ಹಂತದಲ್ಲಿ ಸೇರಿದೆ. ಮರುದಿನವೇ ಭಾರತದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಎನ್‌ಡಿಆರ್‌ಎಫ್‌ನ ತಂಡ, ಹುಡುಕುವ ನಾಯಿಗಳ ಜೊತೆ ಅಲ್ಲಿ ಇಳಿಯಿತು. ನಮ್ಮ ಸೇನೆಯ ವೈದ್ಯರು ಟರ್ಕಿಯ ಇಸ್ಕೆಂದರುನ್ ಊರಿನಲ್ಲಿ ಆಸ್ಪತ್ರೆ ತೆರೆದರು. ಆ ಕೆಲಸಕ್ಕೆ ಇಟ್ಟ ಹೆಸರು ‘ಆಪರೇಷನ್ ದೋಸ್ತ್’.

ಗಡಿಯ ಆಚೆ, ಸಿರಿಯಾದ ವಾಯುವ್ಯ ಭಾಗ ಅಲ್ಲಿನ ಸರ್ಕಾರದ ಕೈಯಲ್ಲಿರಲಿಲ್ಲ, ವಿರೋಧಿ ಪಡೆಗಳ ಕೈಯಲ್ಲಿತ್ತು. ಸಿರಿಯಾ ಸರ್ಕಾರದ ಒಪ್ಪಿಗೆ ಇಲ್ಲದಿದ್ದರೂ ಟರ್ಕಿಯಿಂದ ವಿಶ್ವಸಂಸ್ಥೆಯ ಲಾರಿಗಳು ಅಲ್ಲಿಗೆ ಹೋಗಲು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಒಪ್ಪಿದ್ದದ್ದು ಒಂದೇ ದಾರಿಗೆ, ಬಾಬ್ ಅಲ್-ಹವಾ. ಅದಕ್ಕೆ ಹೋಗುವ ರಸ್ತೆಯೂ ಭೂಕಂಪಕ್ಕೆ ಕೆಟ್ಟಿತ್ತು. ವಿಶ್ವಸಂಸ್ಥೆಯ ಮೊದಲ ಲಾರಿಗಳು ದಾಟಿದ್ದು ಫೆಬ್ರವರಿ 9ಕ್ಕೆ. ಕುಸಿದ ಕಟ್ಟಡದಡಿ ಇರುವವರಿಗೆ ಮೊದಲ 72 ಗಂಟೆ ಎಷ್ಟು ಮುಖ್ಯ ಅಂತ ಈ ಕೆಲಸದವರೆಲ್ಲ ಹೇಳುತ್ತಾರೆ. ಆ ಹೊತ್ತು ಅಷ್ಟರಲ್ಲಿ ಕಳೆದಿತ್ತು. ಅಲ್ಲಿನ ‘ವೈಟ್ ಹೆಲ್ಮೆಟ್ಸ್’ ಸ್ವಯಂಸೇವಕರು ಇದ್ದಬದ್ದ ಯಂತ್ರಗಳಲ್ಲೇ ಅಗೆಯುತ್ತಿದ್ದರು. ಇನ್ನೆರಡು ದಾರಿ ತೆರೆಯಲು ಸಿರಿಯಾ ಸರ್ಕಾರ ಒಪ್ಪಿದ್ದು 13ರಂದು. ಅದರ ಹಿಂದಿನ ದಿನ ಗಡಿಗೆ ಬಂದಿದ್ದ ವಿಶ್ವಸಂಸ್ಥೆಯ ನೆರವು ಮುಖ್ಯಸ್ಥ ಮಾರ್ಟಿನ್ ಗ್ರಿಫಿತ್ಸ್, ಅಲ್ಲಿನ ಜನರ ವಿಷಯದಲ್ಲಿ ನಾವು ಸೋತಿದ್ದೇವೆ ಎಂದು ಒಪ್ಪಿಕೊಂಡರು. ಒಂದೇ ಭೂಕಂಪ, ಒಂದೇ ಚಳಿ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಬೇಡ ಅನ್ನುವ ದೇಶಗಳೂ ಇವೆ. 2004ರ ಸುನಾಮಿಯಲ್ಲಿ ಭಾರತ ಬೇರೆ ಸರ್ಕಾರಗಳ ತುರ್ತು ನೆರವು ಬೇಡ ಎಂದು, ತಾನೇ ಶ್ರೀಲಂಕಾ, ಮಾಲ್ಡೀವ್ಸ್‌ಗೆ ಹಡಗು ಕಳಿಸಿತು. ಕೈಯಲ್ಲಿ ಶಕ್ತಿ ಇದ್ದವರ ಮಾತು ಅದು. 2008ರ ನರ್ಗಿಸ್ ಚಂಡಮಾರುತದಲ್ಲಿ ಮ್ಯಾನ್ಮಾರ್‌ನ ಸೇನಾಡಳಿತ ವಾರಗಟ್ಟಲೆ ಹೊರಗಿನವರನ್ನು ತಡೆದದ್ದನ್ನು ಇದರ ಜೊತೆ ಇಟ್ಟು ನೋಡಲು ನನಗೆ ಮನಸ್ಸು ಬಾರದು. ಅಲ್ಲಿ ಲಕ್ಷಕ್ಕೂ ಹೆಚ್ಚು ಜನ ಸತ್ತಿದ್ದರು.

ಸುಮ್ನೆ ಹೆಚ್ಚು ಕಳಿಸಿದರೆ ಒಳ್ಳೆಯದು ಅನ್ನುವುದೂ ತಪ್ಪು. ಸುನಾಮಿ ನಂತರ ತಮಿಳುನಾಡಿನ ಕರಾವಳಿಯಲ್ಲಿ ಹಳೆ ಬಟ್ಟೆ ರಾಶಿ ರಾಶಿಯಾಗಿ ರಸ್ತೆ ಬದಿಯಲ್ಲಿ ಬಿದ್ದಿತ್ತು. 2015ರಲ್ಲಿ ನೇಪಾಳಕ್ಕೆ ಬಂದ ವಿಮಾನಗಳಿಗೆ ಕಠ್ಮಂಡುವಿನಲ್ಲಿ ಇದ್ದದ್ದು ಒಂದೇ ರನ್‌ವೇ. ಬೇಡದ ಪೆಟ್ಟಿಗೆ ಇಳಿಯುವ ಹೊತ್ತಿನಲ್ಲಿ ಬೇಕಾದ ಔಷಧ ಆಕಾಶದಲ್ಲೇ ಸುತ್ತಬೇಕಾಗುತ್ತದೆ. ಅದಕ್ಕೇ ಈಗ ಅಂಗಡಿ ತೆರೆದಿರುವ ಕಡೆ ಸಾಮಾನಿನ ಬದಲು ಹಣವನ್ನೇ ಕುಟುಂಬಗಳ ಕೈಗೆ ಕೊಡುವುದು ಜಾಸ್ತಿಯಾಗಿದೆ. ಮಗುವಿಗೆ ಹಾಲು ಬೇಕೋ, ಅಜ್ಜಿಗೆ ಮಾತ್ರೆ ಬೇಕೋ ಅನ್ನುವುದು ಆ ಮನೆಯವರಿಗೇ ಗೊತ್ತು. ಅದನ್ನು ಮಾರುವ ಅಂಗಡಿಯವರೂ ಅದೇ ಊರಿನಲ್ಲಿ ಅದೇ ಭೂಕಂಪ ಕಂಡವರು.