ಪದ ಪರಿಚಯ: ನಿರ್ಲಕ್ಷ್ಯ

‘ಮದುವೆ ಮನೆಯಲ್ಲಿ ನಮ್ಮನ್ನು ನಿರ್ಲಕ್ಷ್ಯ ಮಾಡಿದರು’ ಎಂದರೆ ಕಂಡೂ ಕಾಣದವರಂತೆ ಇದ್ದರು ಎಂದರ್ಥ. ಅದರಲ್ಲಿ ಒಂದಿಷ್ಟು ಸೊಕ್ಕಿನ ವಾಸನೆಯಿದೆ. ಕೋರ್ಟಿನ ಭಾಷೆಯ ನಿರ್ಲಕ್ಷ್ಯಕ್ಕೆ ಸೊಕ್ಕು ಬೇಕಿಲ್ಲ, ಕೆಟ್ಟ ಮನಸ್ಸೂ ಬೇಕಿಲ್ಲ. ವಿವೇಕವುಳ್ಳವರು ಆ ಜಾಗದಲ್ಲಿದ್ದರೆ ವಹಿಸುತ್ತಿದ್ದ ಎಚ್ಚರವನ್ನು ನೀವು ವಹಿಸಲಿಲ್ಲ, ಅದರಿಂದ ಇನ್ನೊಬ್ಬರಿಗೆ ಹಾನಿಯಾಯಿತು, ಅಷ್ಟೇ. ಮಕ್ಕಳೆಂದರೆ ಪ್ರಾಣ ಬಿಡುವ ಮೇಷ್ಟ್ರೂ ಈ ಅರ್ಥದಲ್ಲಿ ನಿರ್ಲಕ್ಷ್ಯ ಮಾಡಿರಬಹುದು.

1995ರ ಮೇ 28ರಂದು ಪಠಾಣ್‌ಕೋಟ್ ಕಡೆಯ ಒಂದು ಶಾಲೆಯ ಮಕ್ಕಳು ಬಿಯಾಸ್ ನದಿ ದಂಡೆಗೆ ಪಿಕ್ನಿಕ್ ಹೋಗಿದ್ದರು. 14 ಮಕ್ಕಳು ಮುಳುಗಿ ಸತ್ತರು. ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಗಿ, ತೀರ್ಪು ಬಂದದ್ದು 2001ರಲ್ಲಿ. ಜೊತೆಗಿದ್ದ ಶಿಕ್ಷಕರ ತಪ್ಪಿಗೆ ಶಾಲೆಯೂ ಹೊಣೆ ಎಂದ ಕೋರ್ಟು, ಪ್ರತಿ ಮಗುವಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು. ನೌಕರರ ತಪ್ಪು ಮಾಲೀಕರ ಹೆಗಲಿಗೂ ಬೀಳುವ ಇದಕ್ಕೆ ಪರೋಕ್ಷ ಹೊಣೆ ಎನ್ನುತ್ತಾರೆ. ‘ಬೇಡ ಅಂದರೂ ಮಕ್ಕಳು ನೀರಿಗಿಳಿದರು’ ಎನ್ನುವ ಸಮಜಾಯಿಷಿ ಇಂಥ ಕಡೆ ಹೆಚ್ಚು ನಡೆಯದು. ನೀರು ಕಂಡರೆ ಮಕ್ಕಳು ಇಳಿಯುತ್ತಾರೆ. ಅದನ್ನು ಮೊದಲೇ ಊಹಿಸಬೇಕಾದದ್ದು ದೊಡ್ಡವರೇ ತಾನೆ?

ಏಪ್ರಿಲ್ ಬಂತೆಂದರೆ ಬೇಸಿಗೆ ಶಿಬಿರಗಳ ಅರ್ಜಿ ಕೈಗೆ ಬರುತ್ತದೆ. ಕೊನೆಯಲ್ಲಿ ಸಣ್ಣಕ್ಷರದ ಸಾಲು: ‘ಏನೇ ಅನಾಹುತವಾದರೂ ಸಂಘಟಕರು ಜವಾಬ್ದಾರರಲ್ಲ.’ ನಾವು ಓದದೆ ಸಹಿ ಹಾಕುತ್ತೇವೆ, ಅವರು ನೆಮ್ಮದಿಯಿಂದ ಫೈಲಿಗೆ ಸೇರಿಸುತ್ತಾರೆ. ಆ ಮುಚ್ಚಳಿಕೆಗೆ ಅವರು ನಂಬಿದಷ್ಟು ಬಲವಿಲ್ಲ. ಚಾರಣವಿದೆ, ಈಜು ಇದೆ ಎಂದು ಪೋಷಕರಿಗೆ ಗೊತ್ತಿತ್ತು ಎಂಬುದಕ್ಕೆ ಅದು ಪುರಾವೆಯಾದೀತು. ಆದರೆ ನಿರ್ಲಕ್ಷ್ಯದಿಂದ ಜೀವ ಹೋದರೆ ಕ್ರಿಮಿನಲ್ ಕೇಸನ್ನು ಅಪ್ಪ-ಅಮ್ಮನ ಸಹಿ ತಡೆಯಲಾರದು. ಮೊದಲು ಭಾರತೀಯ ದಂಡ ಸಂಹಿತೆಯ (ಐಪಿಸಿ) 304ಎ ಸೆಕ್ಷನ್ ಅಡಿ ಇದಕ್ಕೆ ಹೆಚ್ಚೆಂದರೆ 2 ವರ್ಷ ಸೆರೆವಾಸವಿತ್ತು. 2024ರ ಜುಲೈ 1ರಿಂದ ಅದರ ಬದಲಿಗೆ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಈ ಶಿಕ್ಷೆಯನ್ನು 5 ವರ್ಷದವರೆಗೆ ಏರಿಸಿದೆ.

ಹಾಗೆಂದು ಬಿದ್ದದ್ದೆಲ್ಲ ನಿರ್ಲಕ್ಷ್ಯವಲ್ಲ. ಖೋ ಖೋ ಆಡುವಾಗ ಹುಡುಗನ ಕಾಲು ಉಳುಕಿದರೆ ಅದು ಆಟ. ಅದೇ ಮೈದಾನದ ಅಂಚಿನಲ್ಲಿ ಕಟ್ಟೆಯಿಲ್ಲದ ಬಾವಿಯಿದ್ದು, ಅದು ಗೊತ್ತಿದ್ದೂ ಅಲ್ಲೇ ಆಡಿಸಿದ್ದರೆ, ಮಾತು ಬೇರೆ.